ಧೈರ್ಯದ ಪಾಠ ಹೇಳಿದ ವೈದ್ಯ: ಆಲ್ಫ್ರೆಡ್ ಆಡ್ಲರ್

ಕೀಳರಿಮೆ ಎಂಬ ಮಾತನ್ನು ನಾವು ಈಗ ಬಲು ಸುಲಭವಾಗಿ ಬಳಸುತ್ತೇವೆ. ಸಭೆಯಲ್ಲಿ ಬಾಯಿ ಬಿಡದವನಿಗೆ ಕೀಳರಿಮೆ, ಪರೀಕ್ಷೆಯಲ್ಲಿ ಹಿಂದೆ ಬಿದ್ದವನಿಗೆ ಕೀಳರಿಮೆ, ಕಾರಣವಿಲ್ಲದೆ ಸಿಡುಕುವವನಿಗೂ ಕೀಳರಿಮೆ ಎಂದು ತೀರ್ಪು ಕೊಟ್ಟು ಸುಮ್ಮನಾಗುತ್ತೇವೆ. ಈ ಭಾವನೆಯನ್ನು ಮನಃಶಾಸ್ತ್ರದ ನಡುಮನೆಗೆ ತಂದು, ಜನಸಾಮಾನ್ಯರ ಬಾಯಿಗೂ ಬರುವಂತೆ ಮಾಡಿದವರು ವಿಯೆನ್ನಾ ನಗರದ ಒಬ್ಬ ವೈದ್ಯರು. ಆದರೆ ಅವರು ಅದನ್ನು ತೀರ್ಪಾಗಿ ಹೇಳಿದವರಲ್ಲ. ಕೊರತೆಯ ಭಾವನೆ ಇಲ್ಲದ ಮನುಷ್ಯನೇ ಇಲ್ಲ. ಅದನ್ನು ಇಟ್ಟುಕೊಂಡು ನಾವು ಯಾವ ಕಡೆಗೆ ಹೆಜ್ಜೆ ಇಡುತ್ತೇವೆ ಎಂಬುದೇ ಮುಖ್ಯ ಎಂದು ಅವರು ತಿಳಿದಿದ್ದರು. ಅಧೈರ್ಯಗೊಂಡ ಮಕ್ಕಳಿಗೆ ಧೈರ್ಯ ತುಂಬುವುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದ ಆ ಮಹನೀಯರು ಆಲ್ಫ್ರೆಡ್ ಆಡ್ಲರ್.

ರೋಗದ ಬಾಲ್ಯ

ಆಲ್ಫ್ರೆಡ್ ಹುಟ್ಟಿದ್ದು 1870ನೆಯ ಇಸವಿ ಫೆಬ್ರವರಿ 7ರಂದು, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಹೊರವಲಯದಲ್ಲಿ. ತಂದೆ ಲಿಯೋಪೋಲ್ಡ್ ಧಾನ್ಯದ ವ್ಯಾಪಾರಿ. ಯೆಹೂದ್ಯ ಕುಟುಂಬ, ಮನೆ ತುಂಬ ಮಕ್ಕಳು. ಅವರಲ್ಲಿ ಈತ ಎರಡನೆಯವನು. ಎಳವೆಯಲ್ಲೇ ಮೂಳೆಗಳು ಮೆತ್ತಗಾಗುವ ರಿಕೆಟ್ಸ್ ರೋಗ ಅಂಟಿಕೊಂಡಿತು. ಅಣ್ಣ ಓಡಿ ಕುಣಿದು ಆಡುತ್ತಿದ್ದರೆ ಈತ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕುಳಿತು ನೋಡಬೇಕಾಗಿತ್ತು. ಮುಂದೆ ಆಡ್ಲರ್ ತಮ್ಮ ಬಾಳಿನ ಮೊತ್ತಮೊದಲ ನೆನಪೆಂದು ಹೇಳುತ್ತಿದ್ದುದು ಇದನ್ನೇ. ಅದಕ್ಕೆ ಸೇರಿದಂತೆ ಇನ್ನೊಂದು ಬಾಧೆಯೂ ಇತ್ತು. ಜೋರಾಗಿ ಅತ್ತರೆ ಗಂಟಲು ಬಿಗಿದು ಉಸಿರು ಕಟ್ಟುತ್ತಿತ್ತು.

ನಾಲ್ಕು ವರ್ಷ ತುಂಬುವ ಹೊತ್ತಿಗೆ ಪುಟ್ಟ ತಮ್ಮ ರುಡೋಲ್ಫ್ ಡಿಫ್ತೀರಿಯಾ ರೋಗಕ್ಕೆ ಬಲಿಯಾದ. ಇಬ್ಬರೂ ಮಲಗುತ್ತಿದ್ದುದು ಒಂದೇ ಕೋಣೆಯಲ್ಲಿ. ಮರುವರ್ಷದ ಸುಮಾರಿಗೆ ಆಲ್ಫ್ರೆಡನಿಗೇ ನ್ಯುಮೋನಿಯಾ ಬಂತು. ಈ ಹುಡುಗ ಉಳಿಯುವುದು ಕಷ್ಟ ಎಂದು ವೈದ್ಯರು ತಂದೆಗೆ ಹೇಳಿದ್ದು ಆ ಹುಡುಗನ ಕಿವಿಗೂ ಬಿತ್ತು. ಆದರೆ ಆತ ಉಳಿದ. ಹಾಸಿಗೆಯಿಂದ ಎದ್ದಾಗ ಮನಸ್ಸಿನಲ್ಲಿ ಒಂದು ನಿರ್ಧಾರ ಬೇರೂರಿತ್ತು. ತಾನು ವೈದ್ಯನಾಗಬೇಕು, ಸಾವನ್ನು ಎದುರಿಸುವ ವಿದ್ಯೆಯನ್ನು ಕಲಿಯಬೇಕು.

ಶಾಲೆಯಲ್ಲಿ ಆತ ಮೊದಮೊದಲು ಮುಂದಿದ್ದವನಲ್ಲ. ಗಣಿತ ತಲೆಗೆ ಹತ್ತಲಿಲ್ಲ. ಒಂದು ವರ್ಷ ಅದೇ ತರಗತಿಯಲ್ಲಿ ಉಳಿಯಬೇಕಾಯಿತು. ಇವನಿಗೆ ಓದು ಹೇಳಿಸಿದ್ದಲ್ಲ, ಚಪ್ಪಲಿ ಹೊಲಿಯುವ ಕೆಲಸಕ್ಕೆ ಹಾಕಿರಿ ಎಂದು ಅಧ್ಯಾಪಕರು ತಂದೆಗೆ ಸಲಹೆಯಿತ್ತರು. ತಂದೆ ಒಪ್ಪಲಿಲ್ಲ. ಮಗನನ್ನು ಬಯ್ಯಲೂ ಇಲ್ಲ, ಶಾಲೆ ಬಿಡಿಸಲೂ ಇಲ್ಲ. ಹುಡುಗ ಪಟ್ಟು ಹಿಡಿದು ಕಲಿತ. ಕೆಲವು ಕಾಲದಲ್ಲಿ ಗಣಿತದಲ್ಲೇ ತರಗತಿಗೆ ಮೊದಲಿಗನಾದ. ಒಂದು ವಿಷಯ ಬಾರದೆಂದರೆ ಅದಕ್ಕೆ ಬೇಕಾದ ಬುದ್ಧಿಯೇ ಹುಟ್ಟಿನಿಂದ ಇಲ್ಲ ಎಂದು ತಿಳಿಯುವುದು ಎಷ್ಟು ದೊಡ್ಡ ತಪ್ಪೆಂಬುದಕ್ಕೆ ಆಡ್ಲರ್ ಮುಂದೆ ಈ ಕಥೆಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದರು.

ಇಲ್ಲದ ಸ್ಮಶಾನ

ಅವರ ಬಾಲ್ಯದ ಇನ್ನೊಂದು ಪ್ರಸಂಗ ಬಲು ವಿಚಿತ್ರವಾದದ್ದು. ಐದು ವರ್ಷದ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಸ್ಮಶಾನ. ಜೊತೆಯ ಮಕ್ಕಳು ಲೆಕ್ಕಿಸದೆ ದಾಟುತ್ತಿದ್ದರೆ ಈತನಿಗೆ ಹೆಜ್ಜೆ ಹೆಜ್ಜೆಗೂ ಎದೆ ನಡುಗುತ್ತಿತ್ತು. ತಾನೊಬ್ಬನೇ ಹೇಡಿ ಎಂಬ ನಾಚಿಕೆ ಬೇರೆ. ಒಂದು ದಿನ ಬೇಕೆಂದೇ ಹಿಂದುಳಿದು, ಪುಸ್ತಕದ ಚೀಲವನ್ನು ಬೇಲಿಗೆ ತೂಗಹಾಕಿ, ಸ್ಮಶಾನದ ಈ ತುದಿಯಿಂದ ಆ ತುದಿಗೆ ಹತ್ತು ಹನ್ನೆರಡು ಸಲ ಓಡಿದ. ಭಯ ಹೋಗುವ ತನಕ ಓಡಿದ.

ಈ ನೆನಪನ್ನು ಆಡ್ಲರ್ ಬಹು ಕಾಲ ಜತನವಾಗಿ ಇಟ್ಟುಕೊಂಡಿದ್ದರು. ಮೂವತ್ತೈದರ ವಯಸ್ಸಿನಲ್ಲಿ ಹಳೆಯ ಸಹಪಾಠಿಯೊಬ್ಬ ಸಿಕ್ಕಿದಾಗ ಆ ಸ್ಮಶಾನದ ಮಾತೆತ್ತಿದರು. ಆ ದಾರಿಯಲ್ಲಿ ಸ್ಮಶಾನ ಇರಲೇ ಇಲ್ಲವೆಂದು ಆತ ಆಶ್ಚರ್ಯಪಟ್ಟ. ಬೇರೆಯವರನ್ನು ಕೇಳಿದರೂ ಅದೇ ಉತ್ತರ. ಅಂದರೆ ಇಡೀ ಪ್ರಸಂಗ ಹುಡುಗನ ಮನಸ್ಸು ಕಟ್ಟಿಕೊಂಡದ್ದು!

ಬೇರೆ ಯಾರಾದರೂ ಆಗಿದ್ದರೆ ಇದನ್ನು ಮುಚ್ಚಿಡುತ್ತಿದ್ದರೋ ಏನೋ. ಆಡ್ಲರ್ ಇದನ್ನು ಬರೆದು ಪ್ರಕಟಿಸಿದರು. ನೆನಪು ನಿಜವೋ ಸುಳ್ಳೋ ಎಂಬುದಕ್ಕಿಂತ, ಮನಸ್ಸು ಅದನ್ನು ಯಾಕೆ ಇಟ್ಟುಕೊಂಡಿದೆ ಎಂಬುದು ದೊಡ್ಡ ಪ್ರಶ್ನೆ ಎಂದು ಅವರು ಕಂಡುಕೊಂಡರು. ಭಯವಿದ್ದ ಮಗು ಧೈರ್ಯವನ್ನು ಹಂಬಲಿಸಿತ್ತು; ಕಷ್ಟದ ಗಳಿಗೆಯಲ್ಲಿ ನೆನೆದುಕೊಳ್ಳಲು ಒಂದು ಕಥೆಯನ್ನು ಕಟ್ಟಿಕೊಂಡಿತ್ತು. ಹೀಗಾಗಿಯೇ ಮುಂದೆ ತಮ್ಮ ಬಳಿಗೆ ಬಂದವರನ್ನೆಲ್ಲ ಅವರು ಬಾಲ್ಯದ ಮೊದಲ ನೆನಪು ಯಾವುದೆಂದು ಕೇಳುತ್ತಿದ್ದರು. ಒಬ್ಬ ಮನುಷ್ಯ ತನ್ನನ್ನು ಏನೆಂದು ತಿಳಿದುಕೊಂಡಿದ್ದಾನೆ ಎಂಬುದರ ಕೀಲಿಕೈ ಅದರಲ್ಲಿ ಸಿಗುತ್ತದೆಂದು ಅವರ ನಂಬಿಕೆ.

ಬಡವರ ವೈದ್ಯ

1895ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ದೊರೆಯಿತು. 1897ರಲ್ಲಿ ರಷ್ಯಾದಿಂದ ಬಂದಿದ್ದ, ಸಮಾಜವಾದಿ ವಿಚಾರಗಳಲ್ಲಿ ಮುಳುಗಿದ್ದ ರೈಸಾ ಎಂಬ ಸ್ವತಂತ್ರ ಮನೋಧರ್ಮದ ಯುವತಿಯನ್ನು ಆಡ್ಲರ್ ಮದುವೆಯಾದರು. ಮೊದಲು ಕಣ್ಣಿನ ವೈದ್ಯರಾಗಿ ಕೆಲಸಮಾಡಿ, ಬಳಿಕ ಸಾಮಾನ್ಯ ಚಿಕಿತ್ಸೆಯನ್ನು ಕೈಗೊಂಡರು. 1898ರಲ್ಲಿ ಹೊರಬಂದ ಅವರ ಮೊದಲ ಪುಸ್ತಕ ದರ್ಜಿಗಳ ಆರೋಗ್ಯವನ್ನು ಕುರಿತದ್ದು. ಗಾಳಿ ಬೆಳಕಿಲ್ಲದ ಕೋಣೆ, ದೀರ್ಘ ದುಡಿಮೆ, ಕಡಿಮೆ ಕೂಲಿ ಇವೇ ದರ್ಜಿಗಳ ರೋಗಕ್ಕೆ ಮೂಲವೆಂದು ಅವರು ತೋರಿಸಿದರು. ರೋಗಿಯನ್ನು ಅವನ ಸುತ್ತಲಿನ ಜನರಿಂದ ಬಿಡಿಸಿ ನೋಡಬಾರದೆಂಬ ಆಡ್ಲರ್ ಅವರ ಮುಂದಿನ ವಿಚಾರದ ಮೊಳಕೆ ಇಲ್ಲೇ ಇದೆ.

ಅವರ ಚಿಕಿತ್ಸಾಲಯವಿದ್ದುದು ಪ್ರಾಟರ್ ಎಂಬ ದೊಡ್ಡ ವಿಹಾರವನದ ಹತ್ತಿರ. ಅಲ್ಲಿ ಆಟ ತೋರಿಸುವ ದೊಂಬರಾಟದವರು, ಸರ್ಕಸ್ಸಿನವರು ಚಿಕಿತ್ಸೆಗೆ ಬರುತ್ತಿದ್ದರು. ಮೈಕಟ್ಟಿನಿಂದಲೇ ಹೊಟ್ಟೆ ಹೊರೆಯುವ ಈ ಜನರಲ್ಲಿ ಹಲವರು ಚಿಕ್ಕಂದಿನಲ್ಲಿ ದುರ್ಬಲರಾಗಿದ್ದವರು ಎಂಬುದನ್ನು ಆಡ್ಲರ್ ಗಮನಿಸಿದರು. ಕೊರತೆಯೇ ಕೆಲವರನ್ನು ಸಾಧನೆಗೆ ಹಚ್ಚುತ್ತದೆ. ಅದೇ ಕೊರತೆ ಬೇರೆ ಕೆಲವರನ್ನು ಮೂಲೆಗೆ ತಳ್ಳುತ್ತದೆ. ವ್ಯತ್ಯಾಸ ಎಲ್ಲಿದೆ? ಈ ಪ್ರಶ್ನೆಯ ಬೆನ್ನು ಹತ್ತಿ ಅವರು 1907ರಲ್ಲಿ ಅಂಗಗಳ ಊನವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದರು.

ಅಷ್ಟರಲ್ಲಿ ಅವರಿಗೆ ಸಿಗ್ಮಂಡ್ ಫ್ರಾಯ್ಡರ ಪರಿಚಯವಾಗಿತ್ತು. 1902ರಲ್ಲಿ ಫ್ರಾಯ್ಡರು ಒಂದು ಕಾರ್ಡು ಬರೆದು, ತಮ್ಮ ಮನೆಯಲ್ಲಿ ಬುಧವಾರಗಳಂದು ನಡೆಯುವ ಚರ್ಚಾಕೂಟಕ್ಕೆ ಆಡ್ಲರ್ ಅವರನ್ನು ಕರೆದಿದ್ದರು. ಆ ಕೂಟವೇ ಮುಂದೆ ವಿಯೆನ್ನಾದ ಮನೋವಿಶ್ಲೇಷಣ ಸಂಘವಾಯಿತು. 1910ರಲ್ಲಿ ಆಡ್ಲರ್ ಅದರ ಅಧ್ಯಕ್ಷರೂ ಆದರು. ಆದರೆ ವಿಚಾರಗಳು ಹೊಂದಲಿಲ್ಲ. ಮನುಷ್ಯನನ್ನು ಒಳಗಿನಿಂದ ನೂಕುವ ಕಾಮಪ್ರವೃತ್ತಿ ಫ್ರಾಯ್ಡರಿಗೆ ಮುಖ್ಯವಾದರೆ, ಮನುಷ್ಯ ಯಾವ ಗುರಿಯ ಕಡೆಗೆ ಸಾಗುತ್ತಿದ್ದಾನೆಂಬುದು ಆಡ್ಲರ್ ಅವರಿಗೆ ಮುಖ್ಯ. 1911ರಲ್ಲಿ ಅವರು ಕೆಲವು ಸಂಗಡಿಗರೊಂದಿಗೆ ಸಂಘದಿಂದ ಹೊರಬಂದು ತಮ್ಮದೇ ಪಂಥವನ್ನು ಕಟ್ಟಿದರು. ಅದಕ್ಕೆ ವ್ಯಕ್ತಿ ಮನೋವಿಜ್ಞಾನ ಎಂದು ಹೆಸರು. ಇಲ್ಲಿ ವ್ಯಕ್ತಿ ಎಂದರೆ ಒಂಟಿ ಮನುಷ್ಯ ಎಂದಲ್ಲ; ತುಂಡು ತುಂಡಾಗಿ ವಿಭಾಗಿಸಬಾರದ ಇಡೀ ಮನುಷ್ಯ ಎಂದರ್ಥ.

ಯುದ್ಧ ಕಲಿಸಿದ ಪಾಠ

1914ರಲ್ಲಿ ಮೊದಲ ಮಹಾಯುದ್ಧ ಸುರುವಾಯಿತು. ಆಡ್ಲರ್ ಸೈನ್ಯದ ವೈದ್ಯರಾಗಿ ದುಡಿಯಬೇಕಾಯಿತು. ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ ಸೈನಿಕರನ್ನು ಪರೀಕ್ಷಿಸಿ, ಮತ್ತೆ ಯುದ್ಧರಂಗಕ್ಕೆ ಕಳುಹಿಸಬಹುದೇ ಎಂದು ಹೇಳುವ ಕೆಲಸ. ಗುಣವಾದನೆಂದು ಬರೆದರೆ ಸಾವಿನ ಬಾಯಿಗೆ ಕಳುಹಿಸಿದಂತೆ. ಈ ಇಕ್ಕಟ್ಟು ಅವರ ರಾತ್ರಿಯ ನಿದ್ದೆಯನ್ನು ಕೆಡಿಸಿತ್ತು.

ಯುದ್ಧ ಮುಗಿದಾಗ ಅವರ ಮಾತಿನಲ್ಲಿ ಹೊಸದೊಂದು ವಿಚಾರ ಮುಂದೆ ಬಂತು. ಅದನ್ನು ನಾವು ಸಮುದಾಯ ಭಾವನೆ ಎನ್ನಬಹುದು. ನಾನು ಈ ಜನರಲ್ಲಿ ಒಬ್ಬ, ಇವರಿಂದ ನನಗೆ ಆಸರೆಯಿದೆ, ನನ್ನಿಂದ ಇವರಿಗೆ ಉಪಯೋಗವಿದೆ ಎಂಬ ತಿಳಿವಳಿಕೆ ಅದು. ಆತ್ಮವಿಶ್ವಾಸ ಎಂಬುದು ಇತರರನ್ನು ಮೀರಿಸುವುದರಿಂದ ಬರುವುದಲ್ಲ. ಮೀರಿಸುವವನಿಗೆ ನಾಳೆ ತನ್ನನ್ನು ಮೀರಿಸುವವನ ಭಯ ಇದ್ದೇ ಇದೆ. ತನ್ನಿಂದ ನಾಲ್ಕು ಜನಕ್ಕೆ ಉಪಯೋಗವಾಗುತ್ತದೆಂದು ಕಂಡುಕೊಂಡವನು ಮಾತ್ರ ನೆಲದ ಮೇಲೆ ಗಟ್ಟಿಯಾಗಿ ನಿಲ್ಲುತ್ತಾನೆ. ಆಡ್ಲರ್ ಅವರ ಬೋಧನೆಯ ತಿರುಳು ಇದು.

ಶಾಲೆಯ ಕೋಣೆಯೇ ಚಿಕಿತ್ಸಾಲಯ

ಯುದ್ಧದಲ್ಲಿ ಸೋತ ವಿಯೆನ್ನಾದಲ್ಲಿ ಹಸಿವು, ಕ್ಷಯರೋಗ, ತಂದೆಯಿಲ್ಲದ ಮಕ್ಕಳು. ಸಮಾಜವಾದಿಗಳ ಕೈಗೆ ಬಂದ ನಗರಾಡಳಿತ ಮನೆಗಳನ್ನು ಕಟ್ಟಿಸಿತು, ಓಟೋ ಗ್ಲೋಕೆಲ್ ಎಂಬವರ ನೇತೃತ್ವದಲ್ಲಿ ಶಾಲೆಗಳನ್ನು ಸುಧಾರಿಸಹೊರಟಿತು. ಈ ಗಳಿಗೆಗಾಗಿಯೇ ಆಡ್ಲರ್ ಸಿದ್ಧರಾಗಿದ್ದಂತಿತ್ತು. ಅಧ್ಯಾಪಕರು ಮತ್ತು ಹೆತ್ತವರು ಉಚಿತವಾಗಿ ಸಲಹೆ ಪಡೆಯಬಹುದಾದ ಮಾರ್ಗದರ್ಶನ ಕೇಂದ್ರಗಳನ್ನು ಅವರೂ ಅವರ ಶಿಷ್ಯರೂ ತೆರೆದರು. 1920ರ ದಶಕದ ಕೊನೆಗೆ ಇಂತಹ ಕೇಂದ್ರಗಳು ಆ ಒಂದು ನಗರದಲ್ಲೇ ಇಪ್ಪತ್ತಕ್ಕಿಂತ ಹೆಚ್ಚಿದ್ದವು. ಹೆಚ್ಚಿನವು ನಡೆಯುತ್ತಿದ್ದುದು ಶಾಲೆಯ ಕೋಣೆಗಳಲ್ಲೇ.

ಕ್ರಮ ಹೀಗಿತ್ತು. ಹಠಮಾರಿಯೋ ಕಳ್ಳತನಕ್ಕೆ ಇಳಿದವನೋ ಓದದವನೋ ಆದ ಒಬ್ಬ ಮಗುವಿನ ವಿಷಯವನ್ನು ಅಧ್ಯಾಪಕರು ಮೊದಲು ಓದಿಹೇಳುವರು. ಆಡ್ಲರ್ ಅದರ ಮೇಲೆ ಮಾತಾಡುವರು. ಬಳಿಕ ತಾಯಿಯೋ ತಂದೆಯೋ ಬರುವರು, ಕೊನೆಗೆ ಮಗು. ಸುತ್ತಲೂ ಬೇರೆ ಅಧ್ಯಾಪಕರು ಕುಳಿತು ಕೇಳುತ್ತಿರುವರು. ಇಷ್ಟು ಜನರ ಮುಂದೆ ಮಗುವನ್ನು ಮಾತಾಡಿಸಬಹುದೇ ಎಂದು ಆಕ್ಷೇಪಿಸಿದವರೂ ಇದ್ದರು. ಮಗುವಿನ ತೊಂದರೆ ಅದೊಂದರದೇ ಅಲ್ಲ, ಎಲ್ಲರೂ ಕೂಡಿ ಬಿಡಿಸಬೇಕಾದದ್ದು ಎಂಬುದು ಆಡ್ಲರ್ ಅವರ ಸಮಾಧಾನ. ಒಬ್ಬ ಮಗುವನ್ನು ನೋಡುತ್ತ ನೂರು ಮಕ್ಕಳ ಅಧ್ಯಾಪಕರು ಕಲಿಯುತ್ತಿದ್ದರು ಎಂಬುದೂ ನಿಜವೇ.

ಅವರು ಮಗುವನ್ನು ಕೆಟ್ಟದ್ದೆಂದು ಕರೆಯಲಿಲ್ಲ. ಧೈರ್ಯ ಕಳೆದುಕೊಂಡದ್ದು ಎಂದು ಕಂಡರು. ಸೋಮಾರಿ ಎಂದು ಹೆಸರು ಪಡೆದ ಹುಡುಗನನ್ನು ತೆಗೆದುಕೊಳ್ಳಿ. ಅವನು ಓದದೆ ತಪ್ಪಿದರೆ ಜನ ಏನು ಹೇಳುತ್ತಾರೆ? ಬುದ್ಧಿಯಿದೆ, ಓದಿದ್ದರೆ ಪಾಸಾಗುತ್ತಿದ್ದ ಎನ್ನುತ್ತಾರೆ. ಓದಿ ತಪ್ಪಿದರೆ ಆ ಮರ್ಯಾದೆಯೂ ಹೋಯಿತು. ಆದ್ದರಿಂದ ಸೋಮಾರಿತನ ಅವನಿಗೆ ಒಂದು ಗುರಾಣಿ. ಬಯ್ದರೆ ಹೊಡೆದರೆ ಅವನು ಗುರಾಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. ಚಿಕ್ಕದೊಂದು ಕೆಲಸದಲ್ಲಿ ತನ್ನಿಂದ ಆಗುತ್ತದೆಂದು ಅವನಿಗೇ ತೋರುವಂತೆ ಮಾಡಿದರೆ ಗುರಾಣಿ ತಾನಾಗಿ ಕೆಳಗಿಳಿಯುತ್ತದೆ.

ಭಾವನೆಗಳನ್ನೂ ಅವರು ಇದೇ ರೀತಿ ನೋಡಿದರು. ಭಯ, ಸಿಟ್ಟು, ಅಳು ಇವು ಎಲ್ಲಿಂದಲೋ ಬಂದು ನಮ್ಮ ಮೇಲೆ ಎರಗುವ ಗಾಳಿಯಲ್ಲ. ಅವು ಏನನ್ನೋ ಸಾಧಿಸಲು ನಾವು ಅರಿಯದೆಯೇ ಬಳಸುವ ಉಪಾಯಗಳು. ಕತ್ತಲೆಗೆ ಹೆದರುವ ಮಗು ತಾಯಿಯನ್ನು ಹತ್ತಿರ ಇರಿಸಿಕೊಳ್ಳುತ್ತದೆ. ಮನೆಯಲ್ಲಿ ಗುಡುಗುವ ಯಜಮಾನ ತನ್ನ ಅಳುಕನ್ನು ಮರೆಸಿಕೊಳ್ಳುತ್ತಾನೆ. ಈ ಸಿಟ್ಟಿನಿಂದ ನನಗೆ ಏನು ಸಿಗುತ್ತಿದೆ ಎಂದು ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಂಡವನಿಗೆ ಸಿಟ್ಟಿನ ಮೇಲೆ ಸ್ವಲ್ಪವಾದರೂ ಹತೋಟಿ ಬರುತ್ತದೆ. ಅತಿಯಾಗಿ ಮುದ್ದು ಮಾಡುವುದನ್ನೂ ಅವರು ತಿರಸ್ಕಾರದಷ್ಟೇ ಅಪಾಯವೆಂದು ಎಣಿಸಿದರು. ತಿರಸ್ಕಾರಕ್ಕೆ ಒಳಗಾದ ಮಗು ಜನರನ್ನು ನಂಬುವುದಿಲ್ಲ. ಎಲ್ಲವನ್ನೂ ಬೇರೆಯವರು ಮಾಡಿಕೊಟ್ಟ ಮಗು ತನ್ನನ್ನೇ ನಂಬುವುದಿಲ್ಲ.

1924ರಿಂದ ಅವರು ವಿಯೆನ್ನಾದ ಅಧ್ಯಾಪಕರ ತರಬೇತಿ ಸಂಸ್ಥೆಯಲ್ಲಿ ಪಾಠ ಹೇಳಿದರು. ದುಡಿಯುವ ಜನರಿಗಾಗಿ ಮಾಡಿದ ಉಪನ್ಯಾಸಗಳು 1927ರಲ್ಲಿ ಮಾನವ ಸ್ವಭಾವದ ತಿಳಿವಳಿಕೆಯನ್ನು ಕುರಿತ ಪುಸ್ತಕವಾಗಿ ಬಂದು ದೇಶದೇಶಗಳಲ್ಲಿ ಹೆಸರು ಗಳಿಸಿದುವು. 1931ರಲ್ಲಿ ಅವರ ಶಿಷ್ಯರಾದ ಮೂವರು ಅಧ್ಯಾಪಕರು ಬಡವರ ಬಡಾವಣೆಯಲ್ಲಿ ಒಂದು ಪ್ರಯೋಗಶಾಲೆಯನ್ನು ಇದೇ ತತ್ತ್ವದ ಮೇಲೆ ನಡೆಸತೊಡಗಿದರು.

ಆರದ ಒಂದು ಗಾಯ

ಹೀಗೆಂದು ಆಡ್ಲರ್ ಎಲ್ಲ ನೋವನ್ನೂ ಗೆದ್ದ ಋಷಿ ಎಂದು ತಿಳಿಯಬೇಕಾಗಿಲ್ಲ. 1915ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಅವರಿಗೆ ಪಾಠ ಹೇಳುವ ಅಧಿಕಾರವನ್ನು ನಿರಾಕರಿಸಿತ್ತು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಫ್ರಾಯ್ಡರ ಶಿಷ್ಯ ಎಂಬ ಹಣೆಪಟ್ಟಿ. ಮುಂದೆ ಮನೋವಿಜ್ಞಾನಿಯಾಗಿ ಹೆಸರಾದ ಅಬ್ರಹಾಂ ಮಾಸ್ಲೋ ತರುಣನಾಗಿದ್ದಾಗ ನ್ಯೂಯಾರ್ಕಿನಲ್ಲಿ ಒಂದು ಊಟದ ವೇಳೆ ಈ ಶಿಷ್ಯತ್ವದ ಮಾತೆತ್ತಿದ. ಸದಾ ನಗುಮುಖದ ಆಡ್ಲರ್ ಕೆಂಪೇರಿ, ತಾನು ಎಂದೂ ಫ್ರಾಯ್ಡರ ಶಿಷ್ಯನಾಗಿರಲಿಲ್ಲವೆಂದು ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿಬಿಟ್ಟರಂತೆ. ಅಣ್ಣನ ನೆರಳಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಹುಡುಗ ಅರುವತ್ತೈದು ದಾಟಿದ ಮೇಲೂ ಅವರೊಳಗೆ ಇದ್ದ. ಅಣ್ಣನ ಹೆಸರೂ ಸಿಗ್ಮಂಡ್ ಎಂದೇ ಆಗಿತ್ತು.

ಆದರೆ ಗಾಯವಿದ್ದರೂ ಅವರು ಮೂಲೆ ಸೇರಲಿಲ್ಲ. 1926ರಿಂದ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸಗಳನ್ನು ಕೈಗೊಂಡರು. ಐವತ್ತು ದಾಟಿದ ಮೇಲೆ ಇಂಗ್ಲಿಷನ್ನು ಹಟ ಹಿಡಿದು ಕಲಿತು, ತಪ್ಪಾದರೂ ಅಂಜದೆ, ತಮ್ಮ ವಿಯೆನ್ನಾದ ಉಚ್ಚಾರದಲ್ಲೇ ಸಾವಿರಾರು ಜನರ ಮುಂದೆ ಮಾತಾಡಿದರು. ನಗೆಗೀಡಾಗುವ ಭಯವನ್ನು ಬಿಟ್ಟವನೇ ಕಲಿಯಬಲ್ಲ ಎಂಬ ತಮ್ಮ ಮಾತಿಗೆ ತಾವೇ ಸಾಕ್ಷಿಯಾದರು. 1932ರಲ್ಲಿ ಲಾಂಗ್ ಐಲೆಂಡ್ ವೈದ್ಯಕೀಯ ಕಾಲೇಜು ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1927-28ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಅವರನ್ನು ಕಂಡ ವಿದ್ಯಾರ್ಥಿ ಕಾರ್ಲ್ ರೋಜರ್ಸ್, ಉದ್ದುದ್ದ ದಾಖಲೆಗಳಿಲ್ಲದೆ ನೇರವಾಗಿ ಮಗುವಿನೊಡನೆ ಬೆರೆಯುವ ಅವರ ರೀತಿಯನ್ನು ಕಂಡು ಬೆರಗಾಗಿದ್ದರು. ಆಪ್ತಸಲಹೆಯ ಶಾಸ್ತ್ರದಲ್ಲಿ ಆ ರೋಜರ್ಸರದು ಮುಂದೆ ದೊಡ್ಡ ಹೆಸರಾಯಿತು.

ಬಾರದ ಪತ್ರ

1934ರಲ್ಲಿ ಆಸ್ಟ್ರಿಯಾದಲ್ಲಿ ಸರ್ವಾಧಿಕಾರ ನೆಲೆಯೂರಿತು. ಸಮಾಜವಾದಿ ನಗರಾಡಳಿತವನ್ನು ಕಿತ್ತೊಗೆದರು. ಆಡ್ಲರ್ ಕಟ್ಟಿ ಬೆಳೆಸಿದ ಮಾರ್ಗದರ್ಶನ ಕೇಂದ್ರಗಳು ಮುಚ್ಚಿದವು, ಪ್ರಯೋಗಶಾಲೆಯೂ ನಿಂತಿತು. ಮರುವರ್ಷ ಕುಟುಂಬ ಅಮೆರಿಕಕ್ಕೆ ಹೋಗಿ ನೆಲೆಸಿತು.

ಹಿರಿಯ ಮಗಳು ವ್ಯಾಲೆಂಟೈನ್ ಮಾತ್ರ ಗಂಡನೊಡನೆ ಸೋವಿಯತ್ ರಷ್ಯಾಕ್ಕೆ ಹೋಗಿದ್ದಳು. 1937ರ ಆರಂಭದಲ್ಲಿ ಅವಳಿಂದ ಪತ್ರ ಬರುವುದು ನಿಂತಿತು. ಸ್ಟಾಲಿನನ ಕಾಲದ ಬಂಧನಗಳಲ್ಲಿ ಅವಳೂ ಸಿಕ್ಕಿಬಿದ್ದಿದ್ದಳು. ತಂದೆ ಊರೂರಿಗೆ ಉಪನ್ಯಾಸಕ್ಕೆ ಹೋಗುತ್ತ, ತಿಳಿದವರಿಗೆಲ್ಲ ಕಾಗದ ಬರೆಯುತ್ತ, ನಿದ್ದೆಗೆಟ್ಟು ಮಗಳ ಸುದ್ದಿಗೆ ಕಾದರು. ಎಷ್ಟೋ ಹೆತ್ತವರಿಗೆ ಧೈರ್ಯ ಹೇಳಿದವರಿಗೆ ತಮ್ಮ ಮಗಳ ವಿಷಯದಲ್ಲಿ ಏನೂ ಮಾಡಲಾಗಲಿಲ್ಲ. ಆದರೂ ಒಪ್ಪಿಕೊಂಡ ಕೆಲಸವನ್ನು ಅವರು ಬಿಡಲಿಲ್ಲ.

1937ನೆಯ ಮೇ 28ರಂದು ಬೆಳಿಗ್ಗೆ, ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ತಿರುಗಾಡಲು ಹೊರಟ ಆಡ್ಲರ್ ಬೀದಿಯಲ್ಲಿ ಕುಸಿದುಬಿದ್ದರು. ಹೃದಯಾಘಾತ. ಆಗ ಅವರಿಗೆ 67 ವರ್ಷ. ವ್ಯಾಲೆಂಟೈನ್ ರಷ್ಯಾದ ಸೆರೆ ಶಿಬಿರದಲ್ಲಿ ತೀರಿಕೊಂಡ ಸಂಗತಿ ಕುಟುಂಬಕ್ಕೆ ತಿಳಿದದ್ದು ವರ್ಷಗಳ ಬಳಿಕ. ಇನ್ನೊಬ್ಬ ಮಗಳು ಅಲೆಕ್ಸಾಂಡ್ರಾ ಮತ್ತು ಮಗ ಕುರ್ಟ್ ಮನೋವೈದ್ಯರಾಗಿ ನ್ಯೂಯಾರ್ಕಿನಲ್ಲಿ ತಂದೆಯ ಕೆಲಸವನ್ನು ಮುಂದುವರಿಸಿದರು. ಆಡ್ಲರ್ ಅವರ ಚಿತಾಭಸ್ಮ ಎಡಿನ್‌ಬರೋ ನಗರದ ಒಂದು ಚಿತಾಗಾರದಲ್ಲಿ ಎಲ್ಲರಿಗೂ ಮರೆತುಹೋಗಿ ಉಳಿದಿತ್ತು. 2007ರಲ್ಲಿ ಅದು ಪತ್ತೆಯಾಯಿತು; 2011ರಲ್ಲಿ ಅದನ್ನು ವಿಯೆನ್ನಾಕ್ಕೆ ತಂದು ಗೌರವದಿಂದ ಮಣ್ಣಿಗಿಟ್ಟರು.

ಉಳಿದದ್ದು ಯಾವುದು?

ಆಡ್ಲರ್ ಹೇಳಿದ್ದೆಲ್ಲ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ಹಿರಿಯ ಮಗು ಹೀಗೆ, ನಡುವಿನದು ಹೀಗೆ, ಕಿರಿಯದು ಹೀಗೆ ಎಂದು ಹುಟ್ಟಿದ ಕ್ರಮದಿಂದ ಸ್ವಭಾವವನ್ನು ಅಳೆಯುವ ಅವರ ವಿಚಾರ ಬಹಳ ಜನಪ್ರಿಯವಾಯಿತು. ಆದರೆ 2015ರಲ್ಲಿ ಸಾವಿರಾರು ಜನರ ಮೇಲೆ ನಡೆದ ದೊಡ್ಡ ಅಧ್ಯಯನಗಳು ಹುಟ್ಟಿನ ಕ್ರಮಕ್ಕೂ ಸ್ವಭಾವಕ್ಕೂ ಹೇಳಿಕೊಳ್ಳುವಂತಹ ಸಂಬಂಧವನ್ನು ಕಾಣಲಿಲ್ಲ. ಕೆಲವು ರೋಗಗಳನ್ನೂ ಅವರು ಅತಿಯಾಗಿ ಮನಸ್ಸಿನ ಲೆಕ್ಕಕ್ಕೇ ಹಾಕಿದ್ದರು. ಆದರೆ ಮಗುವಿನ ತಪ್ಪಿನ ಹಿಂದೆ ಅಧೈರ್ಯವನ್ನು ಕಾಣಬೇಕು, ಅವಮಾನದಿಂದ ಯಾರನ್ನೂ ತಿದ್ದಲಾಗದು ಎಂಬ ಮಾತು ಇಂದು ಶಿಕ್ಷಣದ ಸಾಮಾನ್ಯ ತಿಳಿವಳಿಕೆಯಾಗಿದೆ. ಹೇಳಿದವರ ಹೆಸರು ಮರೆತುಹೋಗುವಷ್ಟು ಸಾಮಾನ್ಯವಾಗಿದೆ.

ಮಾತು ಸಾಮಾನ್ಯವಾಯಿತು, ಆಚರಣೆ ಆಗಿದೆಯೇ? ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಎಲ್ಲಾದರೊಂದು ಕಡೆ ತಡವರಿಸಿಯೇ ತಡವರಿಸುತ್ತಾರೆ. ಆಗ ನಾವು ನಕ್ಕರೆ, ನೆರೆಮನೆಯ ಮಗುವನ್ನು ತೋರಿಸಿ ಹಂಗಿಸಿದರೆ, ಆ ಮಗು ಮುಂದಿನ ಸಲ ಬಾಯಿ ಮುಚ್ಚಿಕೊಳ್ಳುತ್ತದೆ. ನಾವು ಅದನ್ನು ನಾಚಿಕೆಯ ಸ್ವಭಾವ ಎಂದು ಕರೆಯುತ್ತೇವೆ. ಹೊಗಳಿಕೆಯ ಮಳೆ ಸುರಿಸಬೇಕಾಗಿಲ್ಲ. ಮನೆಗೆ ಬಂದ ಕಾಗದವನ್ನು ಅಜ್ಜನಿಗೆ ಓದಿಹೇಳುವ, ಅಂಗಡಿಗೆ ಹೋಗಿ ಲೆಕ್ಕ ಮಾಡಿ ಸಾಮಾನು ತರುವ, ತಮ್ಮನಿಗೆ ಮಗ್ಗಿ ಹೇಳಿಕೊಡುವ ಒಂದು ಕೆಲಸವನ್ನು ನಂಬಿಕೆಯಿಂದ ಒಪ್ಪಿಸಿದರೆ ಸಾಕು. ತಪ್ಪಾದರೆ ಮತ್ತೊಮ್ಮೆ ಒಪ್ಪಿಸಬೇಕು. ತನ್ನಿಂದ ಈ ಮನೆಗೆ ಉಪಯೋಗವಿದೆ ಎಂದು ಕಂಡುಕೊಂಡ ಮಗು ತಲೆಯೆತ್ತಿ ನಡೆಯುವುದನ್ನು ತಾನೇ ಕಲಿಯುತ್ತದೆ.

ಚಪ್ಪಲಿ ಹೊಲಿಯಲು ಹಾಕಿರಿ ಎಂಬ ಸಲಹೆಯನ್ನು ಲಿಯೋಪೋಲ್ಡ್ ಆಡ್ಲರ್ ಒಪ್ಪಿದ್ದರೆ ಲೋಕಕ್ಕೆ ಒಬ್ಬ ಒಳ್ಳೆಯ ಮೋಚಿ ಸಿಗುತ್ತಿದ್ದನೋ ಏನೋ; ಆ ಕಸುಬೇನೂ ಕೀಳಲ್ಲ. ಆದರೆ ಆ ಹುಡುಗ ತನಗೆ ಬುದ್ಧಿಯಿಲ್ಲವೆಂದು ಜೀವಮಾನವಿಡೀ ನಂಬಿರುತ್ತಿದ್ದ. ಧಾನ್ಯದ ವ್ಯಾಪಾರಿ ತಂದೆಗೆ ಮನಃಶಾಸ್ತ್ರ ಗೊತ್ತಿರಲಿಲ್ಲ. ಮಗನ ಮೇಲೆ ನಂಬಿಕೆ ಇತ್ತು, ಅಷ್ಟೆ.